ಹೆಸರಿಗಾಗಿ ಕಾದಿರಿಸಿದ ಜಾಗ



ನಾನು ಗಣಿತದ ಮೇಷ್ಟರಾಗಿದ್ದ ಕಾಲದಲ್ಲಿ ಪ್ರತಿ ಜೂನ್ ತಿಂಗಳಲ್ಲೂ ಹೊಸ ಹಾಜರಿ ಪುಸ್ತಕದಲ್ಲಿ ಒಂದರಿಂದ ಅರವತ್ತರವರೆಗೆ ಕ್ರಮಸಂಖ್ಯೆ ಬರೆದಿಡುತ್ತಿದ್ದೆ. ಹೆಸರುಗಳು ಆಮೇಲೆ ಒಂದೊಂದಾಗಿ ಬಂದು ಸೇರುತ್ತಿದ್ದವು. ಕಂಪ್ಯೂಟರಿನಲ್ಲಿಯೂ ಇದೇ ಪದ್ಧತಿ ಉಂಟೆಂದು ತಿಳಿದದ್ದು ಇತ್ತೀಚೆಗೆ, ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಮ್ಯಾಟ್‌ಲ್ಯಾಬ್ ಭಾಷೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ.

"ತಾತ, ಪಟ್ಟಿಗೆ ಜಾಗವನ್ನು ಮೊದಲೇ ಕಾದಿರಿಸದಿದ್ದರೆ, ಹೊಸ ಹೆಸರು ಬಂದಾಗಲೆಲ್ಲ ಹಳೆಯದನ್ನೆಲ್ಲ ಬೇರೆಡೆ ನಕಲು ಮಾಡಬೇಕಾಗುತ್ತದೆ" ಎಂದಳು. ಸಾವಿರ ಹೆಸರುಗಳಿಗೆ ಲೆಕ್ಕ ಹಾಕಿದೆ. ಒಂದರಿಂದ 999ರವರೆಗಿನ ಮೊತ್ತ, ಅಂದರೆ 4,99,500 ನಕಲುಗಳು! ಸೂತ್ರ ನಿಮಗೆ ನೆನಪಿರಬೇಕು. ಮರೆತಿದ್ದರೆ ತಪ್ಪು ನನ್ನದೇ. ಈಚಿನ ಆವೃತ್ತಿಗಳಲ್ಲಿ ಈ ಹೊರೆ ತಗ್ಗಿದೆಯಂತೆ. ಆದರೂ ಮೊದಲೇ ಜಾಗ ಇಡುವುದೇ ಒಳ್ಳೆಯ ರೂಢಿ.

ಸಂಖ್ಯೆಗಳಿಗೆ ಜಾಗ ಇಡುವುದು ಸುಲಭ, ಎಲ್ಲಕ್ಕೂ ಒಂದೇ ಅಳತೆ. ಹೆಸರುಗಳು ಹಾಗಲ್ಲ. 1957ರಲ್ಲಿ ಜಾನ್ ಬ್ಯಾಕಸ್ ಅವರ ತಂಡ ಐಬಿಎಂ ಸಂಸ್ಥೆಯಲ್ಲಿ ರೂಪಿಸಿದ ಫೋರ್ಟ್ರಾನ್ ಭಾಷೆಗೆ ಸೂತ್ರಗಳೇ ಸರ್ವಸ್ವವಾಗಿದ್ದವು. ಅದರಲ್ಲಿ ಪದವೊಂದನ್ನು ಬರೆಯಬೇಕಾದರೆ ಅಕ್ಷರಗಳನ್ನು ಬೆರಳಲ್ಲಿ ಎಣಿಸಿ, ಆ ಎಣಿಕೆಯನ್ನು ಮುಂದಿಟ್ಟು ಬರೆಯಬೇಕಿತ್ತು. ಎಣಿಕೆ ತಪ್ಪಿದರೆ ಎಲ್ಲವೂ ತಪ್ಪು. 1977ರ ಹೆಸರಿನ ಆವೃತ್ತಿಯಲ್ಲಿ ಅಕ್ಷರಗಳಿಗೇ ಪ್ರತ್ಯೇಕ ಬಗೆಯೊಂದು ಬಂದಿತು. ಆದರೆ ಉದ್ದ ಮೊದಲೇ ನಿಗದಿ. ಹೆಸರು ಚಿಕ್ಕದಾದರೆ ಖಾಲಿ ಜಾಗ ತುಂಬುತ್ತಿತ್ತು, ದೊಡ್ಡದಾದರೆ ಸದ್ದಿಲ್ಲದೆ ಬಾಲ ಕತ್ತರಿಸುತ್ತಿತ್ತು.

ಈ 'ಸದ್ದಿಲ್ಲದೆ' ಎಂಬ ಮಾತಿನಲ್ಲಿ ನನ್ನ ಮನಸ್ಸು ನಿಂತಿತು. ಹಿಂದೊಮ್ಮೆ ಪರೀಕ್ಷೆಯ ಅರ್ಜಿಯಲ್ಲಿ ಹೆಸರಿಗೆಂದು 24 ಚೌಕಗಳಿದ್ದವು. ನನ್ನ ಶಿಷ್ಯನೊಬ್ಬನಿಗೆ ಊರು, ತಾತ, ತಂದೆ ಎಲ್ಲರ ಹೆಸರೂ ಸೇರಿ ಇಂಗ್ಲಿಷಿನಲ್ಲಿ 31 ಅಕ್ಷರಗಳು. ತುಂಬಿಸಿದವನು ನಾನು. ಚೌಕಗಳು ಮುಗಿದಾಗ ನಿಲ್ಲಿಸಿಬಿಟ್ಟೆ. ಅಂಕಪಟ್ಟಿಯಲ್ಲಿ ಊರು ಉಳಿಯಿತು, ತಾತ ಉಳಿದರು, ತಂದೆಯೂ ಉಳಿದರು. ಹುಡುಗನ ಸ್ವಂತ ಹೆಸರಿನ ಮೊದಲ ಎರಡಕ್ಷರ ಮಾತ್ರ ಉಳಿಯಿತು. ಅದನ್ನು ಸರಿಪಡಿಸಲು ಅವನು ಪ್ರಮಾಣಪತ್ರ ಹಿಡಿದು ಎರಡು ವರ್ಷ ಅಲೆದ. ಒಂದು ಕೆಲಸದ ಸಂದರ್ಶನವೂ ಆ ನಡುವೆ ಕೈತಪ್ಪಿತು. ಅವನು ನನ್ನನ್ನು ಎಂದೂ ದೂರಲಿಲ್ಲ.

ಮ್ಯಾಟ್‌ಲ್ಯಾಬಿನ ಕಥೆಗೆ ಬರುತ್ತೇನೆ. 1970ರ ದಶಕದ ಕೊನೆಯಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಗಣಿತದ ಅಧ್ಯಾಪಕ ಕ್ಲೀವ್ ಮೋಲರ್, ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯುವ ಪಾಡಿಲ್ಲದೆ ಮಾತೃಕೆಗಳ ಲೆಕ್ಕ ಮಾಡಲೆಂದು ಇದನ್ನು ರಚಿಸಿದರು. ಪಾಠದ ಅಗತ್ಯದಿಂದ ಹುಟ್ಟಿದ್ದು ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಮಮತೆ. ಮೊದಲು ಅದರಲ್ಲಿದ್ದದ್ದು ಮಾತೃಕೆ ಒಂದೇ. ಅಕ್ಷರಗಳೂ ಸಂಖ್ಯೆಗಳ ವೇಷದಲ್ಲಿ ಅಲ್ಲೇ ಕೂರಬೇಕಿತ್ತು. ಮಾತೃಕೆಯ ಸಾಲುಗಳೆಲ್ಲ ಸಮನಾಗಿರಬೇಕಷ್ಟೆ. ಆದ್ದರಿಂದ 'ರವಿ' ಎಂಬವನಿಗೂ ತರಗತಿಯ ಅತಿ ಉದ್ದದ ಹೆಸರಿನವನಷ್ಟೇ ಜಾಗ, ಉಳಿದದ್ದು ಖಾಲಿ ತುಂಬಣಿಕೆ. ಉದ್ದ ಹೊಂದದಿದ್ದರೆ ಅದು ಕತ್ತರಿಸುವುದಿಲ್ಲ, ತಪ್ಪೆಂದು ಹೇಳಿ ನಿಂತುಬಿಡುತ್ತದೆ. ನಾನೂ ಅಂದು ಹಾಗೆ ನಿಂತಿದ್ದರೆ!

1996ರ ಐದನೆಯ ಆವೃತ್ತಿಯಲ್ಲಿ ಗೂಡುಗಳ ಪಟ್ಟಿ ಬಂದಿತು. ಗೂಡುಗಳೆಷ್ಟು ಎಂದು ಹೇಳಿದರೆ ಸಾಕು, ಒಂದೊಂದರೊಳಗೆ ಎಷ್ಟು ಉದ್ದದ ಹೆಸರನ್ನಾದರೂ ಇಡಬಹುದು. ಇಲ್ಲಿಯೂ ಒಂದು ಸೂಕ್ಷ್ಮವಿದೆ, ಮೊಮ್ಮಗಳು ಎಡವಿದ್ದು ಅಲ್ಲೇ. ತುಂಬದ ಗೂಡಿನಲ್ಲಿರುವುದು ಖಾಲಿ ಪದವಲ್ಲ, ಖಾಲಿ ಮಾತೃಕೆ. ಪದವನ್ನೇ ನಿರೀಕ್ಷಿಸುವ ಆಜ್ಞೆ ಅದನ್ನು ಕಂಡು ಮುಗ್ಗರಿಸುತ್ತದೆ. 2016ರಲ್ಲಿ ಪದಗಳಿಗೆಂದೇ ಬೇರೆ ಪಟ್ಟಿ ಬಂದಿತು. ಅದರಲ್ಲಿ 'ಸ್ಟ್ರಿಂಗ್ಸ್' ಎಂಬ ಆಜ್ಞೆಗೆ ಅರವತ್ತು ಮತ್ತು ಒಂದು ಎಂದು ಕೊಟ್ಟರೆ, ಅಕ್ಷರವಿಲ್ಲದ ಅರವತ್ತು ಪದಗಳು ಸಾಲಾಗಿ ಸಿದ್ಧವಾಗುತ್ತವೆ. ಹೆಸರು ಬರೆದಿದ್ದು ಹುಡುಗ ಗೈರುಹಾಜರಾಗುವುದಕ್ಕೂ, ಆ ಸಾಲಿನಲ್ಲಿ ಹೆಸರೇ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಮೇಷ್ಟರಿಗೆ ಗೊತ್ತು. ಹೊಸ ಪಟ್ಟಿಯಲ್ಲಿ 'ಖಾಲಿ' ಮತ್ತು 'ಇಲ್ಲ' ಎಂಬುದಕ್ಕೂ ಬೇರೆ ಬೇರೆ ಗುರುತುಗಳುಂಟು.

ಮೊಮ್ಮಗಳು ಪಟ್ಟಿಯನ್ನು ಪರೀಕ್ಷಿಸಲು ಹೆಸರೊಂದನ್ನು ಕೇಳಿದಳು. ಆ 31 ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿದೆ. ಅಷ್ಟೂ ಮೂಡಿತು.