ಅಮ್ಮನ ‘ಬಾಕಿ’ ಮತ್ತು ಒಂದು ಅಂಡರ್‌ಸ್ಕೋರ್

1/5
ಹೋದ ತಿಂಗಳು ಕೆಸರೆಯ ನಮ್ಮ ಮನೇಲಿ ಒಂದು ಗಾಬರಿ. ಅಮ್ಮ ಫೋನಿನ ಭಾಷೆಯನ್ನ ಕನ್ನಡಕ್ಕೆ ಬದಲಾಯಿಸಿದ್ರು. ದುಡ್ಡಿನ ಆಪ್ ಒಂದರಲ್ಲಿ ‘ಬಾಕಿ: 1,240’ ಅಂತ ಬಂತು. ‘ಅಯ್ಯೋ, ಯಾರಿಗೋ ಕೊಡೋದಿದೆ!’ ಅಂದ್ರು. ಅಸಲಿಗೆ ಅದು ಅವರದೇ ಖಾತೆಯಲ್ಲಿ ಉಳಿದಿದ್ದ ಹಣ. ಇಂಗ್ಲಿಷಿನ ‘ಬ್ಯಾಲೆನ್ಸ್’ ಎರಡಕ್ಕೂ ಆಗುತ್ತೆ. ಕನ್ನಡದಲ್ಲಿ ಶಿಲ್ಕು ಬೇರೆ, ಬಾಕಿ ಬೇರೆ. ಬಿಕಾಂ ಗೆಳೆಯರೇ, ನಿಮಗೆ ಹೇಳ್ಬೇಕಾ?

2/5
ಮೊದಲೆಲ್ಲ ಪರದೆಯ ಮಾತುಗಳನ್ನ ಕೋಡ್ ಒಳಗೇ ಬರೀತಿದ್ರು. ಭಾಷೆ ಬದಲಿಸೋಕೆ ಕೋಡನ್ನೇ ತಿದ್ದಬೇಕು. 1990ರ ದಶಕದ ಆರಂಭದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ‘ಗೆಟ್‌ಟೆಕ್ಸ್ಟ್’ ಅನ್ನೋ ಫಂಕ್ಷನ್ ತಂತು. 1995ರಲ್ಲಿ ಗ್ನೂ ಯೋಜನೆ ಅದರ ಮುಕ್ತ ಆವೃತ್ತಿ ಕೊಟ್ಟಿತು. ಕೆಲಸ ಸರಳ: ಇಂಗ್ಲಿಷ್ ಸಾಲು ಕೊಟ್ಟರೆ ಅನುವಾದದ ಕಡತದಲ್ಲಿ ಹುಡುಕಿ ಕನ್ನಡದ್ದನ್ನ ಕೊಡುತ್ತೆ. ಸಿಗದಿದ್ರೆ ಇಂಗ್ಲಿಷನ್ನೇ ವಾಪಸ್ ಕೊಡುತ್ತೆ. ಕೆಲವು ಆಪ್‌ಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಮಾತಾಡೋದು ಇದಕ್ಕೇ. ಪದೇ ಪದೇ ಉದ್ದ ಹೆಸರು ಬರೆಯೋಕೆ ಬೇಜಾರಾಗಿ ಪ್ರೋಗ್ರಾಮರ್‌ಗಳು ಅದನ್ನ _( ) ಅಂತ ಒಂದೇ ಅಂಡರ್‌ಸ್ಕೋರ್‌ಗೆ ಇಳಿಸಿದ್ರು. ವರ್ಡ್‌ಪ್ರೆಸ್‌ನಲ್ಲಿ ಎರಡು.

3/5
ಆದ್ರೆ ಕಡತದಲ್ಲಿ ಕನ್ನಡ ಇರಬೇಕಲ್ಲ? 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ಎಷ್ಟೋ ವರ್ಷ ನಾವು ಹಳೆಯ ಫಾಂಟ್‌ಗಳಲ್ಲೇ ಟೈಪ್ ಮಾಡಿದ್ವಿ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಅದು ಬರೀ ಗೀಚು. ಯೂನಿಕೋಡ್ ಬಳಕೆಗೆ ಬಂದಮೇಲೆ ದಾರಿ ತೆರೀತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯ್ತು. ಅದರ ಬಟನ್, ಮೆನುಗಳನ್ನ ಕನ್ನಡಕ್ಕೆ ತರೋರು ಸ್ವಯಂಸೇವಕರು, ‘ಟ್ರಾನ್ಸ್‌ಲೇಟ್‌ವಿಕಿ’ ತಾಣದಲ್ಲಿ. ಅದನ್ನ ಕಟ್ಟಿದ್ದು ಫಿನ್‌ಲೆಂಡ್‌ನ ನಿಕ್ಲಾಸ್ ಲಾಕ್ಸ್‌ಸ್ಟ್ರೋಮ್.

4/5
ಇನ್ನೊಂದು ತೊಡಕು ವ್ಯಾಕರಣ. ಕೆಸರೆಗೆ, ಮೈಸೂರಿಗೆ, ಮಂಡ್ಯಕ್ಕೆ. ಮೂರು ಊರು, ಮೂರು ರೂಪ. ಫಂಕ್ಷನ್‌ಗೆ ಇದು ಗೊತ್ತಿಲ್ಲ. ಬಿಟ್ಟ ಜಾಗದಲ್ಲಿ ಊರಿನ ಹೆಸರು ಅಂಟಿಸುತ್ತೆ ಅಷ್ಟೇ: ‘ಮಂಡ್ಯ ಗೆ’. ಜಾಣ ಅನುವಾದಕರು ‘ತಲುಪುವ ಊರು: ಮಂಡ್ಯ’ ಅಂತ ಬರೆದು ಪಾರಾಗ್ತಾರೆ.

5/5
ಈಗ ಬಾಕಿಗೆ ಬರೋಣ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಉತ್ತರ ಅನ್ನೋದೇ ಸಮಸ್ಯೆ. 2006ರಲ್ಲಿ ಗೆಟ್‌ಟೆಕ್ಸ್ಟ್‌ಗೆ ‘ಸಂದರ್ಭ’ ಸೇರಿತು: ಈ ಬ್ಯಾಲೆನ್ಸ್ ಖಾತೆಯದ್ದು, ಆ ಬ್ಯಾಲೆನ್ಸ್ ಸಾಲದ್ದು ಅಂತ ಬೇರೆ ಬೇರೆ ಹೇಳಬಹುದು. ಅಂದ್ರೆ ಪರಿಹಾರ ಇತ್ತು. ಕೋಡ್ ಬರೆಯೋರು ಹೇಳಬೇಕಿತ್ತು. ಪರದೆ ನೋಡದೆ ಬರೀ ಪದಗಳ ಪಟ್ಟಿ ಸಿಕ್ಕಿದ ಅನುವಾದಕರು ಏನು ಮಾಡಿಯಾರು?

ಅಮ್ಮ ಫೋನನ್ನ ಮತ್ತೆ ಇಂಗ್ಲಿಷಿಗೆ ಹಾಕ್ಕೊಂಡ್ರು. ನನಗೆ ಬೇಜಾರಾಗಿದ್ದು ಅದೇ. ನೀವು ತಪ್ಪು ಕನ್ನಡ ನೋಡಿ ನಕ್ಕು ಸುಮ್ನಾಗ್ಬೇಡಿ. ಸ್ಕ್ರೀನ್‌ಶಾಟ್ ತೆಗೆದು ಆಪ್‌ನವರಿಗೆ ಕಳ್ಸಿ. ಕಾಮೆಂಟಲ್ಲೂ ಹಾಕಿ, ಒಟ್ಟಿಗೆ ಸರಿಪದ ಹುಡುಕೋಣ.

#ಕನ್ನಡ #ಕೆಸರೆ #ಮೈಸೂರು #ಕೋಡ್‌ನಲ್ಲಿಕನ್ನಡ