ಕಾರವಾರ ಅಂಕೋಲೆಗಳಲ್ಲಿ ಜಾನುವಾರುಗಳ ಹುಚ್ಚುರೋಗ: ಮೂಲಶೋಧನೆಯ ಒಂದು ಪ್ರಶ್ನೆ

ಕಚ್ಚಿದ ನಾಯಿ ಓಡಿಹೋಗುತ್ತದೆ. ಕಚ್ಚಿಸಿಕೊಂಡ ಹಸು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಕೊಟ್ಟಿಗೆಯಲ್ಲಿ ಸಾಯುತ್ತದೆ. ಈ ಎರಡು ಘಟನೆಗಳ ಸಂಬಂಧವನ್ನು ಸ್ಥಾಪಿಸುವುದು ಇತಿಹಾಸಕಾರನಿಗೂ ಅಪರಿಚಿತವಲ್ಲದ ಬಗೆಯ ಸಮಸ್ಯೆ.

ಹುಚ್ಚುನಾಯಿಯ ಕಡಿತವನ್ನೂ ಅದರಿಂದುಂಟಾಗುವ ಜಲತ್ರಾಸವನ್ನೂ ಸುಶ್ರುತ ಸಂಹಿತೆ ಬಲ್ಲುದು. ಆದರೆ ರೋಗಕಾರಕವು ಸೂಕ್ಷ್ಮಾಣುಗಳನ್ನು ತಡೆಯುವ ಶೋಧಕವನ್ನೂ ದಾಟಬಲ್ಲುದೆಂಬುದನ್ನು ರೆಮ್ಲಿಂಜರನು ತೋರಿಸಿದುದು 1903ರಲ್ಲಿ. ಆದಕಾರಣ 1883ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಕೆನರಾ ಗ್ಯಾಸೆಟಿಯರಿನಿಂದ ವಿಷಾಣುವಿನ ವಂಶವೃತ್ತಾಂತವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಮೇಲಾಗಿ ಈ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಮುಂಬಯಿಗೂ, 1956ರಲ್ಲಿ ಮುಂಬಯಿಯಿಂದ ಮೈಸೂರಿಗೂ ಸೇರಿತು. ಕಾಗದಪತ್ರಗಳನ್ನು ಅರಸುವವನು ಮೂರು ಕಡೆ ಬಾಗಿಲು ತಟ್ಟಬೇಕು.

ಈ ಕೊರತೆಯನ್ನು ವಿಷಾಣುವೇ ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಅದರ ಆರ್‌ಎನ್‌ಎ ಐದು ಜೀನುಗಳುಳ್ಳ, ಸುಮಾರು 12,000 ಅಕ್ಷರಗಳ ಒಂದು ಲಿಖಿತ. ಎರಡು ಓಲೆಯ ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯಗಳು ಕಂಡಲ್ಲಿ ಅವೆರಡಕ್ಕೂ ಮಾತೃಕೆ ಒಂದೇ ಎಂದು ಗ್ರಂಥಸಂಪಾದಕರು ಊಹಿಸುವರಷ್ಟೆ. ವಿಷಾಣುವಿನ ಪಾಠಾಂತರಗಳಿಗೂ ಅದೇ ನ್ಯಾಯ ಸಲ್ಲುತ್ತದೆ. ಭಾರತದಲ್ಲಿ ಆರ್ಕ್ಟಿಕ್‌ಸದೃಶ ಶಾಖೆ, ಉಪಖಂಡದ ಶಾಖೆ ಎಂಬೆರಡು ಗುರುತಾಗಿವೆ. ಎರಡನೆಯದು ದಕ್ಷಿಣದಲ್ಲಿಯೂ ಸಿಂಹಳದಲ್ಲಿಯೂ ಕಂಡುಬಂದಿದೆ. ಹಸುವಿನಲ್ಲಿ ದೊರೆಯುವುದು ಸಾಮಾನ್ಯವಾಗಿ ಕೊನೆಯ ಪ್ರತಿ: ಅದರಿಂದ ಮುಂದಿನ ಪ್ರತಿ ಹುಟ್ಟುವುದು ವಿರಳ. ಎಂದರೆ ಹಸುವಿನ ಮಿದುಳು ಹೇಳುವುದು ಹಸುವಿನ ಕಥೆಯನ್ನಲ್ಲ, ನಾಯಿಯ ಅಥವಾ ನರಿಯ ಕಥೆಯನ್ನು.

ಕಾರವಾರದ ಮಟ್ಟಿಗೆ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ನೆರೆಯ ಗೋವೆಯಲ್ಲಿ ಸಾಕುನಾಯಿ ಬೀದಿನಾಯಿಗಳೆನ್ನದೆ ವ್ಯಾಪಕವಾಗಿ ಲಸಿಕೆ ಹಾಕಿದುದರ ಫಲವಾಗಿ 2018ರಿಂದ ಕೆಲವು ವರ್ಷ ಈ ರೋಗದಿಂದ ಮನುಷ್ಯರು ಸಾಯಲಿಲ್ಲ. ಮಾಜಾಳಿ, ಸದಾಶಿವಗಡಗಳು ಗೋವೆಗೆ ನೆಲದಿಂದಲೇ ಕೂಡಿವೆ. ಕಾರವಾರ ಪಟ್ಟಣ ಕಾಳೀ ನದಿಯ ದಕ್ಷಿಣಕ್ಕಿದೆ. ಅಂಕೋಲೆಯಲ್ಲಿ ಗಂಗಾವಳಿ ಅಡ್ಡ ಬರುತ್ತದೆ. ನದಿಗಳು ನಾಯಿಗಳನ್ನು ತಡೆದವೆ, ಸೇತುವೆಗಳು ದಾಟಿಸಿದವೆ? ರಾಜಕೀಯದ ಗಡಿಯನ್ನು ನಾಯಿ ಅರಿಯದೆಂಬುದಂತೂ ನಿಸ್ಸಂದೇಹ. ಮೂರೂ ಕಡೆಗಳ ಸತ್ತ ದನಗಳ ಮಾದರಿಗಳನ್ನು ಹೋಲಿಸಿದಲ್ಲದೆ ಇದಕ್ಕೆ ಉತ್ತರವಿಲ್ಲ.

ಇಂಥ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಶಾಲೆಯಿದೆ. ಆದರೆ ದೂರ ಸುಮಾರು 500 ಕಿಲೋಮೀಟರು. ಕರಾವಳಿಯ ಸೆಕೆಯಲ್ಲಿ ಮಿದುಳು ಬೇಗ ಕೊಳೆಯುತ್ತದೆ. ಮಾದರಿ ತೆಗೆಯದೆ ಹಸುವನ್ನು ಹೂಳಿದರೆ ಆ ಲಿಖಿತವೂ ಮಣ್ಣುಪಾಲು. ಇದಕ್ಕಿಂತ ಕಳವಳಕಾರಿಯಾದುದು ಇನ್ನೊಂದು: ಈ ರೋಗದಲ್ಲಿ ಗಂಟಲು ನಿಶ್ಚೇಷ್ಟವಾಗಿ ಜೊಲ್ಲು ಸುರಿಯುವಾಗ ಏನೋ ಸಿಕ್ಕಿಕೊಂಡಿದೆಯೆಂದು ಭಾವಿಸಿ ರೈತನು ಹಸುವಿನ ಬಾಯಿಗೆ ಬರಿಗೈ ಹಾಕುವುದುಂಟು.