ಮೈದಾನದಿಂದ ಕಾರ್ಯದರ್ಶಿಯ ಕುರ್ಚಿಗೆ

ಆಡುವವನೇ ಬೇರೆ, ಆಡಳಿತ ನಡೆಸುವವನೇ ಬೇರೆ ಎನ್ನುವವರಿದ್ದಾರೆ. ಎರಡನ್ನೂ ಒಂದುಗೂಡಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್.

1909ರಲ್ಲಿ ಹುಟ್ಟಿದ ರಹೀಮರು ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. 1918ರಲ್ಲಿ ಸ್ಥಾಪನೆಯಾದ ಆ ಉರ್ದು ಮಾಧ್ಯಮದ ವಿದ್ಯಾಲಯ ಇತ್ತ ಉಟ್ಕೂರು, ಮಕ್ತಲ್‌ಗಳಿಗೂ ಅತ್ತ ರಾಯಚೂರು, ಗುಲ್ಬರ್ಗಾಗಳಿಗೂ ಒಂದೇ ಆಗಿತ್ತು. ಅಲ್ಲಿ ವಿದ್ಯಾರ್ಥಿಗಳ ತಂಡದಲ್ಲಿ ಹೆಸರು ಮಾಡಿದ ರಹೀಮರು ಪದವಿ ಮುಗಿಸಿ ಶಾಲಾ ಮಾಸ್ತರರಾದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯಾದರು.

ಕಾರ್ಯದರ್ಶಿಯೆಂದರೆ ಅವರಿಗೆ ಬರೀ ಸಭೆ, ಸಹಿಗಳಲ್ಲ. ಪಂದ್ಯಾವಳಿಯ ನಿಯಮಗಳನ್ನೇ ಅವರು ಪಾಠ ಮಾಡಿದರು. ಒಂದು ಪಂದ್ಯಾವಳಿಯಲ್ಲಿ ಚೆಂಡನ್ನು ತನ್ನ ಕಾಲಲ್ಲೇ ಉಳಿಸಿಕೊಂಡು ಓಡುವಂತಿಲ್ಲ, ಜೊತೆಗಾರನಿಗೆ ಕೊಡಲೇಬೇಕು. ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕು. ಸಿಕಂದರಾಬಾದಿನ ಬಡ ಹುಡುಗ ತುಳಸಿದಾಸ್ ಬಲರಾಮ್‌ಗೆ ಅಭ್ಯಾಸಕ್ಕೆ ಬರಲು ಬಾಡಿಗೆ ಸೈಕಲ್ಲಿನ ಹಣ ಕೊಟ್ಟವರೂ ಅವರೇ.

1950ರಿಂದ 1954ರವರೆಗೆ ಅವರು ತರಬೇತು ಮಾಡಿದ ಹೈದರಾಬಾದ್ ಪೊಲೀಸ್ ತಂಡ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ಬಂತು. ಮರುವರ್ಷ ಹೆಲ್ಸಿಂಕಿಯಲ್ಲಿ, ಬಹುಪಾಲು ಬರಿಗಾಲಲ್ಲಿ ಆಡಿದ ನಮ್ಮವರು ಯುಗೊಸ್ಲಾವಿಯದ ಎದುರು 10-1ರಿಂದ ಸೋತರು. ರಹೀಮರು ಎದೆಗುಂದಲಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ರಾಯಚೂರು ಮೈಸೂರಿಗೆ ಹೋಯಿತು; ಅದೇ ಜಿಲ್ಲೆಯ ಗದ್ವಾಲ ಆಂಧ್ರಕ್ಕೆ ಬಂತು. ಬೀಗರು ಆಚೆ, ಹೊಲ ಈಚೆ ಆದ ಆ ದಿನಗಳನ್ನು ನಮ್ಮ ಹಿರಿಯರು ಬಲ್ಲರು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮರ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ಮುಂಬಯಿಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಬಲರಾಮ್ ಸೇರಿ ಹೈದರಾಬಾದಿನ ಹಲವರು ಆ ತಂಡದಲ್ಲಿದ್ದರು. ಅಳಿದುಹೋದ ರಾಜ್ಯದ ಮೈದಾನಗಳಲ್ಲಿ ಬೆಳೆದ ಆಟ ಅಳಿಯಲಿಲ್ಲ. ಭಾರತ ನಾಲ್ಕನೆಯ ಸ್ಥಾನ ಪಡೆಯಿತು.

1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ ತಂದಾಗ ರಹೀಮರನ್ನು ಕ್ಯಾನ್ಸರ್ ಕಾಡುತ್ತಿತ್ತು. 1963ರ ಜೂನ್ 11ರಂದು ತೀರಿಕೊಂಡರು.

ಸಂಜೆ ನಮ್ಮ ಶಾಲೆಗಳ ಬಯಲಿನಲ್ಲಿ ಮಕ್ಕಳು ಚೆಂಡಾಡುತ್ತಾರೆ. ಊರಿನ ಮಾಸ್ತರರೇ, ಒಂದು ದಿನ ರಹೀಮರ ನಿಯಮದಂತೆ ಆಡಿಸಿ ನೋಡಿ: ಚೆಂಡು ಸಿಕ್ಕವನು ಇಟ್ಟುಕೊಳ್ಳುವಂತಿಲ್ಲ, ಜೊತೆಗಾರನಿಗೆ ಕೊಡಬೇಕು. ತೆಲುಗಿನಲ್ಲಿ ಕೂಗಿದರೂ ಸರಿ, ಕನ್ನಡದಲ್ಲಿ ಕೂಗಿದರೂ ಸರಿ.